ಉಡಿಯಿಂದ ತೆಗೆದ ಖಣ

ನನ್ನ ಕನ್ನಡಕ ಒರೆಸಲು ಅಂಗೈಯಗಲದ ಒಂದು ಬಟ್ಟೆಯ ತುಂಡಿದೆ. ಕನ್ನಡಕದ ಅಂಗಡಿಯವನು ಕೊಟ್ಟ ನುಣುಪಾದ ಬಟ್ಟೆ ಮೊದಲ ವಾರದಲ್ಲೇ ಕಳೆದುಹೋಯಿತು. ಅಥವಾ ಅವನು ಕೊಡಲೇ ಇಲ್ಲವೋ ಏನೋ. ನನ್ನ ವಿಷಯದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಹೇಳುವುದು ಕಷ್ಟ. ಈ ತುಂಡು ಮಾತ್ರ ಕಳೆದಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಎಷ್ಟೋ ಸಲ ಬಿಟ್ಟು ಬಂದಿದ್ದೇನೆ. ಪ್ರತಿ ಸಲವೂ ಯಾರೋ ಒಬ್ಬರು, "ಸರ್, ನಿಮ್ಮ ಚಿಂದಿ" ಎಂದು ತಂದುಕೊಟ್ಟಿದ್ದಾರೆ. ಅದರ ಬಣ್ಣ ಯಾವುದು ಎಂದು ಮಾತ್ರ ನೀವು ಈಗಲೇ ಕೇಳಬಾರದು. ತಕರಾರು ಇರುವುದೇ ಅಲ್ಲಿ.

ಅದು ಒಂದು ಖಣದ ತುಂಡು. ಹೆಣ್ಣುಮಕ್ಕಳ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬಿನ ಜೊತೆಗೆ ಸೆರಗಿನಲ್ಲಿ ಹಾಕುತ್ತಾರಲ್ಲ, ಆ ಕುಪ್ಪಸದ ಬಟ್ಟೆ. ಹೆಸರಿಗೆ ಕುಪ್ಪಸದ ಬಟ್ಟೆ ಅಷ್ಟೆ. ಅದರಿಂದ ಕುಪ್ಪಸ ಹೊಲಿಸಿಕೊಂಡವರನ್ನು ನಾನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದು. ಅಂಗಡಿಯವರು ಅದನ್ನು ಹೊಲಿಯಲು ಬಾರದಷ್ಟೇ ಗಿಡ್ಡವಾಗಿ ಕತ್ತರಿಸಿರುತ್ತಾರೆ. ಕೊಟ್ಟವರಿಗೂ ಅದು ಗೊತ್ತು, ಇಸಿದುಕೊಂಡವರಿಗೂ ಗೊತ್ತು. ಹಾಗಾಗಿ ಅದು ಹೊಲಿಸಿಕೊಳ್ಳುವ ವಸ್ತುವಲ್ಲ, ದಾಟಿಸುವ ವಸ್ತು. ಹುಮನಾಬಾದಿನಿಂದ ಹಳ್ಳಿಖೇಡಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋಗುತ್ತದೆ. ಅಲ್ಲಿಂದ ಮಂಠಾಳಕ್ಕೆ ಮನೆಯ ವಾಸ್ತುವಿಗೆ, ಮಂಠಾಳದಿಂದ ಬಸವಕಲ್ಯಾಣಕ್ಕೆ ಮದುವೆಗೆ. ನಮ್ಮ ತಾಲೂಕುಗಳಲ್ಲಿ ಈ ಖಣಗಳಷ್ಟು ಊರು ತಿರುಗಿದವರು ಬಸ್ಸಿನ ಕಂಡಕ್ಟರುಗಳು ಮಾತ್ರ. ಒಮ್ಮೆ ನಾವೇ ಯಾರಿಗೋ ಕೊಟ್ಟಿದ್ದ ಒಂದು ಖಣ ಕೆಲವು ವರ್ಷಗಳ ನಂತರ ನಮ್ಮ ಮನೆಗೇ ಮರಳಿ ಬಂತು. ಮೂಲೆಯಲ್ಲಿ ನನ್ನ ಪೆನ್ನಿನ ಮಸಿ ಚೆಲ್ಲಿದ ಕಲೆ ಹಾಗೇ ಇತ್ತು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಬಾ ನನ್ನವ್ವಾ, ಊರೆಲ್ಲಾ ತಿರುಗಿ ಭಾಳ ಸೊರಗೀದಿ" ಎಂದು ತವರಿಗೆ ಬಂದ ಮಗಳನ್ನು ಕರೆದುಕೊಂಡಂತೆ ಟ್ರಂಕಿನೊಳಗೆ ಇಟ್ಟಳು.

ಬಸವಕಲ್ಯಾಣದಲ್ಲಿ ನಮ್ಮ ಮಾಮಾನದು ಬಟ್ಟೆಯ ಅಂಗಡಿ. ಮಾಮಾ ಎಂದರೆ ಅಪ್ಪನ ತಂಗಿ ಗಂಗಮ್ಮ ಅತ್ತಿಯ ಗಂಡ. ಈಗ ಅವನಿಲ್ಲ, ಅಳಿಯ ಅಂಗಡಿ ನೋಡಿಕೊಳ್ಳುತ್ತಾನೆ, ಮಗಳು ಶೈಲಾ ಮತ್ತು ಅವನು ಅತ್ತಿಯ ಮನೆಯಲ್ಲೇ ಇದ್ದಾರೆ. ಸಣ್ಣವನಿದ್ದಾಗ ನನ್ನ ಬೇಸಿಗೆ ರಜೆಯೆಲ್ಲ ಆ ಅಂಗಡಿಯಲ್ಲಿ, ಗಂಜಿಯ ವಾಸನೆಯ ಬಟ್ಟೆಯ ಥಾನುಗಳ ನಡುವೆ ಕಳೆಯಿತು. ಗಿರಾಕಿಗಳು ಇಲ್ಲದಾಗ ಥಾನುಗಳ ಮೇಲೆ ಮಲಗಬಹುದಿತ್ತು. ಮಧ್ಯಾಹ್ನ ಅತ್ತಿ ಮನೆಯಿಂದ ಚುರಮುರಿಯ ಸೂಸಲಾ ಕಲಸಿ ಕಳಿಸುತ್ತಿದ್ದಳು. ಅದರಲ್ಲಿ ಶೇಂಗಾ ನನ್ನ ಪಾಲಿಗೆ ಜಾಸ್ತಿ, ಶೈಲಾಳ ಪಾಲಿಗೆ ಕಡಿಮೆ ಇರುತ್ತಿತ್ತು. ಶೈಲಾ ಈಗಲೂ ಆ ಲೆಕ್ಕ ಎತ್ತುತ್ತಾಳೆ. ವಾರಕ್ಕೊಮ್ಮೆ ಅತ್ತಿ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಕುದಿವ ನೀರು ಸುರಿದು, ಕಿವಿಯ ಹಿಂದೆ ಉಜ್ಜಿ ಉಜ್ಜಿ, "ಇಷ್ಟು ಹೊಲಸು ಹುಮನಾಬಾದಿನಿಂದ ಟಿಕೆಟ್ ತಗೊಂಡು ಬಂದದೇನೋ?" ಎನ್ನುತ್ತಿದ್ದಳು. ನಾನು ಬೊಬ್ಬೆ ಹಾಕಿದಷ್ಟೂ ಅವಳಿಗೆ ಹುರುಪು. ಲೋಕದಲ್ಲಿ ಅವ್ವನ ನಂತರ ನನಗೆ ಅತ್ತಿಯೇ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಯುನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಅಪ್ಪ ತೀರಿಕೊಂಡ. ಅದಾದ ಮರುವರ್ಷ ಶೈಲಾಳ ಕುಬಸ ಬಂತು. ಮೊದಲ ಬಸುರಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿ, ಊಟ ಹಾಕುವ ಕಾರ್ಯ. ಅತ್ತಿಯ ಮನೆಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದರು. ಬಸುರಿಯ ಉಡಿ ತುಂಬಿಯಾದ ಮೇಲೆ ಅತ್ತಿ ತಾಟು ಹಿಡಿದು ಬಂದವರ ಉಡಿ ತುಂಬುತ್ತ ಬಂದಳು. ಅವ್ವನ ಮುಂದೆ ಬಂದಾಗ ಕೈ ರೂಢಿಯಂತೆ ನಡೆಯಿತು. ಅವ್ವನೂ ರೂಢಿಯಂತೆ ಸೆರಗು ಒಡ್ಡಿದಳು. ಅತ್ತಿ ಖಣ ಹಾಕಿದಳು. ಆಗ ಯಾರೋ ಕೆಮ್ಮಿದರು. ಅತ್ತಿಗೆ ನೆನಪಾಯಿತು: ಅಣ್ಣ ತೀರಿಕೊಂಡಿದ್ದಾನೆ, ಅವನ ಹೆಂಡತಿ, ತನ್ನ ವೈನಿ, ಈಗ ಮುತ್ತೈದೆಯಲ್ಲ. ಅತ್ತಿ ಅವ್ವನ ಉಡಿಯೊಳಗೆ ಕೈ ಹಾಕಿ ಖಣ ಹಿಂದಕ್ಕೆ ತೆಗೆದುಕೊಂಡು ಮುಂದಿನವರ ಕಡೆ ಹೋದಳು.

ಇಷ್ಟೇ. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಹೆಂಗಸೆಂದು, ಕುಲವೆಂದು ಯಾರನ್ನೂ ಪಂಕ್ತಿಯಿಂದ ಎಬ್ಬಿಸಬಾರದು ಎಂದು ಶರಣರು ಹೇಳಿದ ಊರು ಅದು. ಊರಿನ ಗೋಡೆಗೋಡೆಯ ಮೇಲೂ ಆ ಮಾತನ್ನು ಬಣ್ಣದಲ್ಲಿ ಬರೆದಿದ್ದಾರೆ. ಅತ್ತಿಯ ಓಣಿಯ ಗೋಡೆಯ ಮೇಲೂ ಇತ್ತು. ಅಂದು ಅಲ್ಲಿದ್ದ ಹೆಂಗಸರೆಲ್ಲ ಅದನ್ನು ದಾಟಿಯೇ ಒಳಗೆ ಬಂದಿದ್ದರು. ಅವ್ವ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗಿ ಹುಗ್ಗಿ ತಿರುವತೊಡಗಿದಳು. ಅಂದಿನಿಂದ ಯಾವ ಕಾರ್ಯಕ್ಕೆ ಹೋದರೂ ತಾಟು ಹೊರಗೆ ಬರುವ ಮೊದಲೇ ಅವಳು ಅಡುಗೆಮನೆಯಲ್ಲಿರುತ್ತಾಳೆ. ನಮ್ಮ ನೆಂಟರಲ್ಲಿ ಅವ್ವನ ಹುಗ್ಗಿಗೆ ದೊಡ್ಡ ಹೆಸರಿದೆ. ಆ ಹೆಸರು ಹೇಗೆ ಬಂತು ಎಂದು ಯಾರೂ ಯೋಚಿಸಿಲ್ಲ.

ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಹಸಿರು ಖಣ, ಗಿಣಿಹಸಿರು. ಅತ್ತಿಯ ಕೈಯ ಬಳೆಗಳು ಅವ್ವನ ಸೆರಗಿಗೆ ಸಿಕ್ಕಿಕೊಂಡದ್ದು. ಬಿಡಿಸುವಾಗ ಒಂದು ಬಳೆ ಒಡೆದದ್ದು. ಆ ಬಳೆಯ ಚೂರು ಇಂದಿಗೂ ನನ್ನ ಕಣ್ಣಮುಂದೆ ಹೊಳೆಯುತ್ತದೆ.

ಅಂದಿನಿಂದ ನಾನು ಅತ್ತಿಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಜಗಳವಾಡಲಿಲ್ಲ, ಅದಕ್ಕೂ ಒಂದು ಧೈರ್ಯ ಬೇಕು. ಅವಳು ಬಂದಾಗ ನನಗೆ ಹೊರಗೆ ಕೆಲಸವಿರುತ್ತಿತ್ತು, ಅಷ್ಟೆ. ಯುನಿವರ್ಸಿಟಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿತು. ಬೀಗ ಹಾಕಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬರುವಷ್ಟು ಚೆನ್ನಾಗಿ ಕಲಿಸಿತು. ಬಂದು ಬೀಗ ಎಳೆದು ನೋಡಿ, ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ, ಎಳೆದದ್ದು ಇಂದೋ ನಿನ್ನೆಯೋ ಎಂದು ಅನುಮಾನ. ಇಂಥ ನಾನು ಅತ್ತಿಯ ಮೇಲಿನ ಸಿಟ್ಟನ್ನು ಮಾತ್ರ ಒಮ್ಮೆಯೂ ಅನುಮಾನಿಸಲಿಲ್ಲ.

ಹೋದ ವರ್ಷ ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಒಂದು ಬೆಳಿಗ್ಗೆ ಹುಮನಾಬಾದಿನ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಗಂಗಮ್ಮ ಅತ್ತಿ. ಕೈಯಲ್ಲಿ ಚೀಲ. ಯಾವ ಅಂಗಿ ಹಾಕಿಕೊಂಡು ಹಿತ್ತಲಿನಿಂದ ಹೊರಬೀಳಲಿ ಎಂದು ಯೋಚಿಸುತ್ತಿದ್ದೆ.

"ಏ ವಿಜ್ಯಾ, ಬಾಗಲಾ ತೆಗೀತಿಯೋ, ಬಂದಾಕಿ ಯಾರಂತ ಒಳಗ ಕುಂತು ಸಂಶೋಧನಾ ಮಾಡಾಕತ್ತೀಯೋ?"

ತೆಗೆದೆ. "ಬರ್ರಿ ಅತ್ತಿ" ಎಂದೆ.

ಅತ್ತಿ ಹೊಸ್ತಿಲಲ್ಲೇ ನಿಂತಳು. "ಯಾವಾಗಿಂದ ನನಗ ರೀ ಹಚ್ಚಾಕತ್ತೀ? ಸಣ್ಣಾಂವ ಇದ್ದಾಗ ಬಾಬೇ, ಹೋಗಬೇ ಅಂತಿದ್ದಿ."

ನಾನು ಚೀಲ ಇಸಿದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ. ಎದೆಗೆ ಅವುಚಿಕೊಂಡೇ ಒಳಗೆ ಬಂದಳು.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ಬಾ ಗಂಗಾ. ಬಸ್ಸಿನಾಗ ಜಾಗಾ ಸಿಕ್ಕಿತ್ತೇನು?"

"ಒಬ್ಬ ಹುಡುಗ ಎದ್ದು ಕೊಟ್ಟ ವೈನಿ. ಅಷ್ಟು ಮುದುಕಿ ಕಾಣಾಕತ್ತೀನೇನು ಅಂತ ಸಿಟ್ಟೂ ಬಂತು, ಕುಂತೂ ಬಿಟ್ಟೆ." ಅತ್ತಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. "ಪೂಜಾಂದು ಕುಬಸ ಇಟ್ಕೊಂಡೀವಿ. ಬರೂ ಐತವಾರ. ನೀ ಬರಬೇಕು."

ಪೂಜಾ ಎಂದರೆ ಶೈಲಾಳ ಮಗಳು. ಅಂದಿನ ಆ ಕುಬಸದಲ್ಲಿ ಶೈಲಾಳ ಹೊಟ್ಟೆಯೊಳಗಿದ್ದವಳು. ಕೊಡಂಬಲಕ್ಕೆ ಕೊಟ್ಟಿದ್ದಾರೆ.

"ಬರ್ತೀನಿ" ಎಂದಳು ಅವ್ವ. ರೊಟ್ಟಿ ಹೆಂಚಿಗೆ ಹಾಕಿದಳು. "ಹುಗ್ಗಿ ತಿರುವಾಕ ಯಾರರೇ ಬೇಕಲ್ಲ."

ಅತ್ತಿ ಚೀಲದೊಳಗಿಂದ ಒಂದು ಹಳೆಯ ಟವೆಲಿನ ಗಂಟು ತೆಗೆದಳು. ಬಿಚ್ಚಿದಳು. ಮಡಿಕೆಗಳಲ್ಲಿ ಗೆರೆ ಬಿದ್ದ ಒಂದು ಖಣ. ಕಾಸಿದ ತುಪ್ಪದ ಬಣ್ಣ.

"ವೈನಿ, ಇದು ಆವತ್ತಿಂದು."

"ಯಾವತ್ತಿಂದು?" ಅವ್ವ ತಿರುಗಲಿಲ್ಲ.

"ಶೈಲಾನ ಕುಬಸದ ದಿನದ್ದು. ನಿನ್ನ ಉಡ್ಯಾಗ ಹಾಕಿ ನಾ ತಿರುಗಿ ತಗೊಂಡೆನಲ್ಲ, ಅದು. ಅಂಗಡ್ಯಾಗ ವಾಪಸ್ ಇಡಾಕ ಕೈ ಬರಲಿಲ್ಲ. ಮತ್ತೊಬ್ಬರ ಉಡ್ಯಾಗ ಹಾಕಾಕೂ ಕೈ ಬರಲಿಲ್ಲ. ಸಂದೂಕದ ತಳದಾಗ ಬಿದ್ದಿತ್ತು. ನಂದು ಗಲ್ತಿ ಆಗ್ಯಾದ ವೈನಿ. ಇಸ್ಕೋ."

ಅವ್ವ ಈಗ ತಿರುಗಿದಳು. ಖಣವನ್ನು ನೋಡಿದಳು. "ಅದು ಕುಂಕುಮದ ಬಣ್ಣದ್ದಿತ್ತು" ಎಂದಳು.

"ಹಸಿರಿತ್ತು" ಎಂದೆ ನಾನು, ಬಾಗಿಲಲ್ಲಿ ನಿಂತು. ಸುಮ್ಮನಿರಬೇಕಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು.

"ನಿನಗೇನ್ ಗೊತ್ತು?" ಅವ್ವ ಕೇಳಿದಳು.

"ನಾನೇ ನೋಡೀನಲ್ಲ. ಅತ್ತಿ ಬಳಿ ಒಡೀತು."

"ನೀ ಎಲ್ಲಿದ್ದಿ ಆವತ್ತ? ಪರೀಕ್ಷಿ ಅದ ಅಂತ ಊರಿಗೇ ಬಂದಿರಲಿಲ್ಲ."

"ಹೌದಲ್ಲ" ಎಂದಳು ಅತ್ತಿ. "ನಿನಗಂತ ಹೋಳಿಗಿ ಕಟ್ಟಿ ಕಳಿಸೀನಿ ನಾ. ಬಳಿ ಯಾವುದೂ ಒಡದಿಲ್ಲ ಬಿಡು. ಒಡದಿದ್ರ ಅಪಶಕುನ ಅಂತ ಅವತ್ತೇ ಬೊಬ್ಬಿ ಆಗ್ತಿತ್ತು."

ನಾನು ಅಲ್ಲಿರಲಿಲ್ಲ! ಅವ್ವ ಯಾವಾಗಲೋ ರೊಟ್ಟಿ ಬಡಿಯುತ್ತ ಹೇಳಿದ್ದನ್ನು ಕೇಳಿ, ಬಣ್ಣ ಹಚ್ಚಿ, ಬಳೆ ಒಡೆದು, ಅದರ ಚೂರನ್ನು ಇಷ್ಟು ವರ್ಷ ಹೊಳೆಯಿಸಿಕೊಂಡು ಬಂದಿದ್ದೆ. ನನ್ನ ಸಿಟ್ಟಿನ ಮುಖ್ಯ ಸಾಕ್ಷಿ ಸುಳ್ಳು ಸಾಕ್ಷಿ. ಹಾಗೆಂದು ನಡೆದದ್ದು ನಡೆದಿಲ್ಲವೆಂದಲ್ಲ. ಮಾಡಿದವಳೂ ಅನುಭವಿಸಿದವಳೂ ಎದುರಿಗೇ ಇದ್ದರು. ನಾನು ಮಾತ್ರ ಕರೆಯದೆ ಬಂದ ಸಾಕ್ಷಿದಾರ. ಕುರ್ಚಿ ಎಳೆದುಕೊಂಡು ಕುಳಿತೆ.

"ಬಣ್ಣಾ ಯಾವುದರೇ ಇರಲಿ, ಇದೇ ಅದು" ಎಂದು ಅತ್ತಿ ಖಣ ಮುಂದೆ ಚಾಚಿದಳು. "ಇಸ್ಕೋ ವೈನಿ."

ಅವ್ವ ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡಳು. ಈಗ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ.

"ಗಂಗಾ, ಆವತ್ತ ನೀ ಅದನ್ನ ನನ್ನ ಕೈಯಾಗಿಂದ ತಗೊಂಡಿಲ್ಲ. ಉಡ್ಯಾಗಿಂದ ತಗೊಂಡಿ. ಅಂಗಳದಾಗ, ಅಷ್ಟು ಮಂದಿ ಮುಂದ. ಈಗ ಅಡಗಿಮನ್ಯಾಗ ಕುಂತು ಕೈಯಾಗ ಇಸ್ಕೋ ಅಂದ್ರ ನಾ ಇಸ್ಕೊಳ್ಳಲ್ಲ."

ಅತ್ತಿಯ ಕೈ ಚಾಚಿದಂತೆಯೇ ಉಳಿಯಿತು. "ವೈನಿ, ಕೊಡಂಬಲದ ಬೀಗರು ಬರ್ತಾರ. ಹಳೀ ಮಂದಿ. ಹುಡುಗೀಗಿ ಮೊದಲನೇ ಬಸುರು. ನಾಳೆ ಏನರೇ ಹೆಚ್ಚುಕಮ್ಮಿ ಆದ್ರ ಅಕೀಗೇ ಅಂತಾರ, ಜನ್ಮಪೂರ್ತಿ ಅಂತಾರ."

"ಗೊತ್ತದ. ಅದಕ್ಕೇ ನಾ ಒತ್ತಾಯ ಮಾಡಲ್ಲ. ರೊಟ್ಟಿ ಬಿಸಿ ಅದ, ತಿನ್ನು."

ಅತ್ತಿ ಖಣ ಮಡಿಸಿ ಮತ್ತೆ ಟವೆಲಿನಲ್ಲಿ ಕಟ್ಟಿದಳು. ಝುಣಕ, ಶೇಂಗಾ ಚಟ್ನಿ, ಎರಡು ರೊಟ್ಟಿ ತಿಂದಳು. ಅವ್ವ ಬೇಡವೆಂದರೂ ಬೆಣ್ಣೆ ಹಾಕಿದಳು. ಇಬ್ಬರೂ ತೊಗರಿಯ ರೇಟು, ಮಂಡಿನೋವು, ಶೈಲಾಳ ಸಕ್ಕರೆ ಕಾಯಿಲೆ ಮಾತಾಡಿದರು. ಖಣದ ಮಾತು ಮತ್ತೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ನಾನು ಅತ್ತಿಯ ಜೊತೆ ನಡೆದೆ. ಚೀಲ ಈಗಲೂ ನನಗೆ ಕೊಡಲಿಲ್ಲ. ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಾಗ, ನಾನು ಕೇಳದಿದ್ದರೂ ಹೇಳಿದಳು.

"ನಿಮ್ಮ ಮಾಮಾ ಹೋದಮ್ಯಾಲ ಒಂದು ತೊಟ್ಟಲಾ ಇತ್ತೋ, ನಮ್ಮ ಓಣ್ಯಾಗೇ. ಶೈಲಾ ತಾಟ ಹಿಡಕೊಂಡು ಬಂದಳು. ನನ್ನ ಮುಂದ ಒಂದು ಗಳಗಿ ನಿಂತಳು. ಹಂಗೇ ಮುಂದಿನಾಕಿ ಕಡೆ ಹೋದಳು. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ." ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅಕಿ ಮ್ಯಾಲ ಸಿಟ್ಟಿಲ್ಲ ನನಗ. ನಾನೇ ಕಲಿಸೀನಲ್ಲ."

ಬಸ್ ಬಂತು. ಹತ್ತಿ ಕುಳಿತು ಕಿಟಕಿಯಿಂದ, "ಐತವಾರ ನೀನೂ ಬಾ. ರೀ ಅನ್ನಾಂವ ಇದ್ರ ಬರಬ್ಯಾಡ" ಎಂದಳು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಯುನಿವರ್ಸಿಟಿ ಕೆಲಸ ಮಾಡತೊಡಗಿತು. ಮನೆಗೆ ಬಂದವನೇ ಅವ್ವನಿಗೆ ಹೇಳಿದೆ: "ಅಕೀಗಿ ತನಗ ಬಂದಮ್ಯಾಲ ತಿಳದದ. ಮಾಮಾ ಇರೋತನಕ ಏನೂ ಅನಿಸಿರಲಿಲ್ಲ. ಇದು ಪಶ್ಚಾತ್ತಾಪ ಅಲ್ಲ, ತನ್ನ ನೋವು ಅಷ್ಟೇ."

"ಬ್ಯಾರೇದವರ ನೋವು ಯಾರಿಗಿ ಮುಂಚೇನೇ ತಿಳೀತದ? ನಿನಗ ತಿಳೀತದೇನು?"

"ಆದ್ರ ಆ ಖಣ ಖರೇನೇ ಅವತ್ತಿಂದಾಗಿದ್ರ ಬ್ಯಾರೆ ಮಾತು. ಅವತ್ತೇ ಮನಸಿಗಿ ಹತ್ತಿತ್ತು ಅಂತಾಗತದ. ಅದಲ್ಲಂದ್ರ, ಮೊನ್ನೆ ಅಂಗಡ್ಯಾಗಿಂದು ಒಂದು ತಗದು..."

"ಏ ಮಾರಾಯಾ, ನೀ ಹೊರಗ ಹೋಗಿ ನಿನ್ನ ಹುಡುಗರಿಗಿ ಹೇಳು ಇದನ್ನ. ನನ್ನ ಒಲಿ ಮುಂದ ಬ್ಯಾಡ."

ನನ್ನ ಹುಡುಗರ ವಿಷಯ ಬಂತು, ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ ತಪ್ಪು ಮಾಡಿದ ಹುಡುಗರು ಕ್ಷಮೆ ಕೇಳಿ ಬರೆದುಕೊಡಬೇಕೆಂಬ ನಿಯಮವಿದೆ. ಅದರ ಒಕ್ಕಣೆ ಈಗ ಎಲ್ಲರ ಫೋನಿನಲ್ಲೂ ಸಿದ್ಧವಿದೆ. ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಒಬ್ಬ ಹುಡುಗ ಅವಸರದಲ್ಲಿ ಹಿಂದಿನವನ ಹೆಸರನ್ನೂ ಹಾಗೇ ಬಿಟ್ಟು, ಅವನ ತಪ್ಪಿಗೆ ತಾನು ಹೃತ್ಪೂರ್ವಕ ಕ್ಷಮೆ ಕೇಳಿದ್ದ. ನಾವು ಅದನ್ನೂ ಸ್ವೀಕರಿಸಿದೆವು. ಬಹಳಷ್ಟು ಕ್ಷಮೆಗಳು ಖಣದಂತೆಯೇ. ಕೈಯಿಂದ ಕೈಗೆ ಹೋಗುತ್ತವೆ, ಯಾರೂ ಹೊಲಿಸಿಕೊಂಡು ತೊಡುವುದಿಲ್ಲ. ಅತ್ತಿಯ ಕೈಯಲ್ಲಿದ್ದದ್ದು ಯಾವ ಜಾತಿಯದು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಅವ್ವ ಅದಕ್ಕೆ ನನಗಿಂತ ಗಟ್ಟಿಯಾದ ಪರೀಕ್ಷೆ ಇಟ್ಟಿದ್ದಾಳೆಂಬುದು ನನಗೆ ಐತವಾರದವರೆಗೂ ಹೊಳೆದಿರಲಿಲ್ಲ.

ಐತವಾರ ನಾವಿಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ಕಬ್ಬು ತುಂಬಿದ ಟ್ರಾಕ್ಟರುಗಳನ್ನೇ ನೋಡುತ್ತಿದ್ದಳು. ಒಮ್ಮೆ ಮಾತ್ರ, ನನಗೋ ತನಗೋ ಎಂಬಂತೆ, "ಹಾಕಲ್ಲ ಬಿಡು ಅಕಿ. ಹ್ಯಾಂಗ ಹಾಕ್ತಾಳ, ಬೀಗರ ಮುಂದ" ಎಂದಳು. ಹಾಕಲಿ ಎಂದು ಅವಳು ಎಷ್ಟು ಬಯಸಿದ್ದಾಳೆಂದು ಆಗ ನನಗೆ ಗೊತ್ತಾಯಿತು. ಅವ್ವ ಒಂದು ಒಳ್ಳೆಯ ಸೀರೆ ಉಟ್ಟಿದ್ದಳು. ಅದರ ಸೆರಗು ಅಗಲವಾಗಿತ್ತು.

ಅತ್ತಿಯ ಅಂಗಳದಲ್ಲಿ ಈಗ ಟೈಲ್ಸ್ ಇದೆ, ಮೇಲೆ ತಗಡಿನ ಶೆಡ್ಡಿದೆ. ಪ್ಲಾಸ್ಟಿಕ್ ಹೂವಿನ ಚಪ್ಪರದ ಕೆಳಗೆ ಪೂಜಾ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ವಿಡಿಯೊದವನು ಅವಳಿಗೆ ಗದ್ದ ಅತ್ತ ತಿರುಗಿಸಿ, ಇತ್ತ ತಿರುಗಿಸಿ ಎಂದು ಹೇಳಿ ಹೇಳಿ ಬೇಸರ ಹಿಡಿಸಿದ್ದ. ಅವ್ವ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ ಹೋದಳು. ನಾನು ಗಂಡಸರ ಜೊತೆ, ನನ್ನ ಎಂದಿನ ಜಾಗದಲ್ಲಿ, ಚಪ್ಪಲಿಗಳ ಪಕ್ಕ ಕುಳಿತೆ.

ಬಸುರಿಯ ಉಡಿ ತುಂಬಿಯಾಯಿತು. ಕೊಡಂಬಲದ ಬೀಗತಿ, ಪೂಜಾಳ ಅತ್ತೆ, ದೊಡ್ಡ ಕುಂಕುಮದ, ದೊಡ್ಡ ದನಿಯ ಹೆಂಗಸು. ಹಾಡು ಅವರದೇ. ಹಾಡು ಮುಗಿಯಿತು. ಶೈಲಾ ಬಂದವರ ಉಡಿ ತುಂಬಲು ತಾಟು ಎತ್ತಿಕೊಂಡಳು. ಅತ್ತಿ ಮೂಲೆಯಿಂದ ಎದ್ದು ಬಂದು ಮಗಳ ಕೈಯಿಂದ ತಾಟು ಇಸಿದುಕೊಂಡಳು. ಟವೆಲಿನ ಗಂಟು ಬಿಚ್ಚಿ ಆ ತುಪ್ಪದ ಬಣ್ಣದ ಖಣವನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಸಾಲಿನ ಕಡೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ವೈನಿ, ಹೊರಗ ಬಾ."

ಅವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ಹುಗ್ಗಿಯ ಸೌಟು.

"ಗಂಗವ್ವರ, ಇದೇನ್ರಿ ಇದು?" ಬೀಗತಿಯ ದನಿ ಅಂಗಳ ತುಂಬಿತು. "ಮೊದಲನೇ ಬಸುರಿ ಮುಂದ ಕುಂತಾಳ. ನಿಮಗ ತಿಳೀತದಲ್ರಿ ಎಲ್ಲಾ."

ಅತ್ತಿಯ ತಾಟಿನಲ್ಲಿ ಕೊಬ್ಬರಿ ಬಟ್ಟಲುಗಳು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು.

"ಬೀಗತ್ಯಾರ, ಒಂದು ಮಾತು ಹೇಳ್ತೀನಿ, ಆಮ್ಯಾಲ ಬೈರಿ. ಇದೇ ಅಂಗಳದಾಗ, ಇದೇ ನಮ್ಮ ವೈನಿ ಉಡ್ಯಾಗ ಹಾಕಿದ ಖಣ ನಾ ತಿರುಗಿ ತಗೊಂಡೀನಿ. ನಮ್ಮಣ್ಣ ಸತ್ತ ಮರುವರ್ಷ. ಎಲ್ಲಾರ ಮುಂದ. ಆವತ್ತ ಶೈಲಾನ ಹೊಟ್ಟ್ಯಾಗ ಇದ್ದಾಕಿ ಈ ಪೂಜಾನೇ. ಆ ಉಡಿ ಬರಿದು ಮಾಡಿದ್ದಕ್ಕ ಈ ಕೂಸಿಗಿ ಒಳ್ಳೇದಾತೋ, ಇವತ್ತ ತುಂಬಿದ್ರ ಇಕಿ ಕೂಸಿಗಿ ಕೆಟ್ಟದಾಗತದೋ, ನನಗ ಗೊತ್ತಿಲ್ರಿ. ನಾ ಮಾಡಿದ್ದು ತಪ್ಪು ಅನ್ನೋದಷ್ಟೇ ಗೊತ್ತದ."

ವಿಡಿಯೊದವನು, "ಅಮ್ಮಾ, ಜರಾ ಈ ಕಡೆ ತಿರುಗಿ ಹೇಳ್ರಿ" ಎಂದ.

ಪೂಜಾ ಕುರ್ಚಿಯಿಂದಲೇ, "ಅಮ್ಮಾ, ಜಲ್ದಿ ಹಾಕು. ನನಗ ಹಸಿವಾಗ್ಯಾದ" ಎಂದು ಅಜ್ಜಿಗೆ ಹೇಳಿದಳು. ಶೈಲಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಅವ್ವ ಸೌಟನ್ನು ಯಾರಿಗೋ ಕೊಟ್ಟಳು. ಕೈ ಒರೆಸಿಕೊಂಡಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಬಿಚ್ಚಿದವಳು ಒಡ್ಡದೆ ಹಾಗೇ ನಿಂತುಬಿಟ್ಟಳು. ಒಡ್ಡಿದರೆ ಮತ್ತೆ ಯಾರಾದರೂ ಕೆಮ್ಮಬಹುದಲ್ಲ. ಅತ್ತಿ ಅವಸರಪಡಿಸಲಿಲ್ಲ. ತಾಟು ಹಿಡಿದ ಕೈ ಸೋಲುತ್ತಿದ್ದರೂ ಕಾದಳು.

ಅವ್ವ ಸೆರಗು ಒಡ್ಡಿದಳು.

ಅತ್ತಿ ಖಣ ಹಾಕಿದಳು, ಕೊಬ್ಬರಿ ಹಾಕಿದಳು, ಅಕ್ಕಿ ಹಾಕತೊಡಗಿದಳು. ಐದು ಹಿಡಿಗೆ ನಿಲ್ಲಬೇಕು. ಲೆಕ್ಕ ತಪ್ಪಿರಬೇಕು, ಅಥವಾ ಕಣ್ಣು ಕಾಣಿಸುತ್ತಿರಲಿಲ್ಲ, ಹಾಕುತ್ತಲೇ ಹೋದಳು. ಅಕ್ಕಿ ಸೆರಗು ತುಂಬಿ, ಉಕ್ಕಿ, ಟೈಲ್ಸಿನ ಮೇಲೆ ಸುರಿಯಿತು.

"ಸಾಕು ಗಂಗಾ" ಎಂದಳು ಅವ್ವ. "ನಾ ಏನು ಗೋಣಿಚೀಲ ಏನು?"

ಯಾರೋ ನಕ್ಕರು. ಅತ್ತಿಯೂ ನಗುತ್ತ ಅಳುತ್ತ ನೆಲಕ್ಕೆ ಬಿದ್ದ ಅಕ್ಕಿ ಆರಿಸಲು ಬಗ್ಗಿದಳು, ಮಂಡಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟಳು. ಬೀಗತಿ ಮುಖ ತಿರುಗಿಸಿಕೊಂಡಿದ್ದರು. ಇನ್ನೇನು ಒಂದು ದೊಡ್ಡ ಮಾತು ಬರುತ್ತದೆ ಎಂದು ನಾನು ಚಪ್ಪಲಿ ಹುಡುಕತೊಡಗಿದ್ದೆ. ಅಷ್ಟರಲ್ಲಿ ಅವರ ಹಿಂದಿನಿಂದ ಒಂದು ಬೊಚ್ಚುಬಾಯಿಯ ದನಿ ಬಂತು. ಬೀಗತಿಯ ಅತ್ತೆ, ಗಂಡ ಸತ್ತು ಎಷ್ಟೋ ವರ್ಷವಾದ ಕೊಡಂಬಲದ ಆಯಿ. ಗೋಡೆಗೆ ಒರಗಿಸಿಟ್ಟಂತೆ ಕೂತಿದ್ದ ಅವರನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಕಿವಿ ಕೇಳುವುದಿಲ್ಲ ಎಂದಿದ್ದರು. ಕೇಳಬೇಕಾದದ್ದು ಕೇಳಿಸಿತ್ತು.

"ಏ ಗಂಗವ್ವಾ, ಖಣ ಉಳದಾವೇನ ತಂಗಿ? ನನಗೂ ಒಂದು ಹಾಕು. ಹಸರ ಬ್ಯಾಡ. ಹಸರ ಮನ್ಯಾಗ ಭಾಳ ಅವ."

ಮುದುಕಿ ಆಗಲೇ ಸೆರಗು ಒಡ್ಡಿಯಾಗಿತ್ತು. ಬೀಗತಿ ಆ ಸೆರಗನ್ನು ನೋಡಿದರು. ಆಮೇಲೆ, "ನಿಂದರ್ರಿ, ಆಯಿಗಿ ಕೈ ನಡಗತಾವ, ಚಲ್ಲತಾಳ" ಎಂದು ಗೊಣಗಿಕೊಂಡು ಅತ್ತೆಯ ಸೆರಗಿನ ಒಂದು ತುದಿಯನ್ನು ತಾವೇ ಹಿಡಿದರು. ಮನಸ್ಸು ಬದಲಾಗಿತ್ತೋ, ಅಕ್ಕಿ ಚೆಲ್ಲಬಾರದೆಂದೋ, ನಾನು ಹೇಳಲಾರೆ. ಶೈಲಾ ಬಂದು ತಾಯಿಯನ್ನು ಎಬ್ಬಿಸಿದಳು. ಎಬ್ಬಿಸಿದವಳೇ ತಾಟಿನಿಂದ ಒಂದು ಖಣ ಎತ್ತಿ, ತಾಯಿಯ ಉಡಿಗೆಂದು ಅವಳ ಮುಂದೆ ಹಿಡಿದಳು.

ಅಂದು ಊಟಕ್ಕೆ ಕುಳಿತಾಗ ಅತ್ತಿ ನನ್ನ ಎಲೆಗೆ ಹುಗ್ಗಿ ಬಡಿಸಲು ಬಂದಳು. "ಸಾಕುಬೇ" ಎಂದೆ. ಅವಳು ಇನ್ನೊಂದು ಸೌಟು ಹಾಕಿದಳು.

ನಾನು ಅನುಮಾನದ ಮನುಷ್ಯ. ಇದನ್ನೂ ಬಳೆ ಒಡೆದಂತೆ ನಾಳೆ ನಾನೇ ಬಣ್ಣ ಹಚ್ಚಿ ಕೆಡಿಸಿಯೇನು ಎಂದು ವಿಡಿಯೊದ ಪ್ರತಿ ತರಿಸಿಕೊಂಡೆ. ಅವ್ವ ಸೆರಗು ಒಡ್ಡುವ ಗಳಿಗೆಯಲ್ಲಿ ಕ್ಯಾಮರಾದ ಮುಂದೆ ಕೊಡಂಬಲದ ಒಬ್ಬ ಹಿರಿಯರು ಎದ್ದು ನಿಂತಿದ್ದಾರೆ. ಅವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. "ಗೋಣಿಚೀಲ" ಎಂಬ ಮಾತು ಮಾತ್ರ ಕೇಳಿಸುತ್ತದೆ.

ಮರುವಾರ ಅವ್ವ ಆ ಖಣವನ್ನು ಟ್ರಂಕಿಗೆ ಹಾಕಲಿಲ್ಲ. ನನ್ನನ್ನು ಕರೆದುಕೊಂಡು ದರ್ಜಿಯ ಹತ್ತಿರ ಹೋದಳು. ದರ್ಜಿ ಟೇಪು ಹಿಡಿದು, "ಅಮ್ಮಾ, ಇದು ಕೊಡೋ ಮಾಲು, ಹೊಲಿಯೋ ಮಾಲಲ್ಲ. ತೋಳಿಗಿ ಸಾಲಲ್ರಿ" ಎಂದ.

"ತೋಳಿಗಿ ಬ್ಯಾರೆ ಬಟ್ಟಿ ಹಚ್ಚು. ಎದಿ, ಬೆನ್ನು ಮಾತ್ರ ಇದರದೇ ಆಗಬೇಕು."

"ಎರಡು ಬಣ್ಣಾ ಆಗತದ್ರಿ. ಮಂದಿ ನಗ್ತಾರ."

"ನಗಲಿ. ನಕ್ಕವರಿಗಿ ನಾ ಕಥಿ ಹೇಳ್ತೀನಿ."

ಹೊಲಿದು ಉಳಿದ ತುಂಡು ಅಂಗೈಯಗಲದ್ದು. ದರ್ಜಿ ಎಸೆಯಹೋದದ್ದನ್ನು ನಾನು ಜೇಬಿಗೆ ಹಾಕಿಕೊಂಡೆ. ತಿರುಗಿ ಬರುವಾಗ ನನ್ನಿಂದ ತಡೆಯಲಾಗಲಿಲ್ಲ.

"ಅವ್ವಾ, ಖರೇ ಹೇಳು. ಅದು ಕುಂಕುಮದ ಬಣ್ಣದ್ದೇ ಇತ್ತೇನು? ಇದು ಅದಲ್ಲೇನು?"

ಅವ್ವ ನಡೆಯುತ್ತಲೇ ಇದ್ದಳು. ಓಣಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು.

"ನನಗೇನು ಗೊತ್ತೋ ವಿಜ್ಯಾ. ಕಣ್ಣಾಗ ನೀರಿತ್ತು. ಯಾರು ಬಣ್ಣಾ ನೋಡ್ತಾರ."

ಈಗ ಆ ತುಂಡನ್ನು ತೊಳೆದೂ ತೊಳೆದೂ ಬಣ್ಣ ಹೋಗಿದೆ. ಬೆಳಕಿಗೆ ಹಿಡಿದರೆ ಒಮ್ಮೆ ತುಪ್ಪದಂತೆ ಕಾಣುತ್ತದೆ, ಒಮ್ಮೆ ಕುಂಕುಮದ ನೆರಳಿನಂತೆ, ನನಗೆ ಬೇಕೆನಿಸಿದರೆ ತುಸು ಹಸಿರಾಗಿಯೂ. ಪೂಜಾಳ ಕೂಸು ಮೊನ್ನೆ ನಮ್ಮ ಮನೆಗೆ ಬಂದಾಗ ನನ್ನ ಕನ್ನಡಕವನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು. ಇಸಿದುಕೊಂಡು, ಆ ಚಿಂದಿಯಿಂದ ಜೊಲ್ಲು ಒರೆಸಿ, ಮತ್ತೆ ಅದರ ಕೈಗೇ ಕೊಟ್ಟೆ.